ಅಮಾಸಿಗೊಮ್ಮೆ ಶಂಶಾಬಾದಿಗೆ

ಹೈದರಾಬಾದಿನಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಕನ್ನಡ ಒಂದು ಬೈಗುಳ. ಅದೂ ನನಗೇ ಬಿದ್ದದ್ದು, ಅದೂ ಮೂರನೇ ಮಹಡಿಯಿಂದ.

ತಾರ್ನಾಕದಲ್ಲಿ ಮನೆ ಮಾಡಿ ಆಗ ಮೂರನೇ ತಿಂಗಳು. ತರಕಾರಿ ಚೀಲ ಹಿಡಿದು ಬರುತ್ತಿದ್ದವಳು ಬಿಸಿಲು ತಾಳಲಾರದೆ, ನಮ್ಮ ಬೀದಿಯ ಕೊನೆಗೆ ಏಳುತ್ತಿದ್ದ ದೊಡ್ಡ ಅಪಾರ್ಟ್‌ಮೆಂಟಿನ ನೆರಳಿನಲ್ಲಿ ಒಂದು ಗಳಿಗೆ ನಿಂತೆ. ಮೇಲಿನಿಂದ ಯಾರೋ ತೆಲುಗಿನಲ್ಲಿ ಕೂಗಿದರು. ನನಗಲ್ಲ ಅಂದುಕೊಂಡೆ. ಆಮೇಲೆ ಹಿಂದಿಯಲ್ಲಿ ಕೂಗಿದರು. ಅದೂ ನನಗಲ್ಲ ಅಂದುಕೊಂಡೆ. ಆಮೇಲೆ ಬಂತು ನೋಡಿ: "ಆ ಮುದುಕಿಗಿ ಕಿವಿ ಕೇಳಂಗಿಲ್ಲ ಅಂತ ಕಾಣತೈತಿ. ತಲಿ ಮ್ಯಾಲ ಇಟ್ಟಂಗಿ ಬಿದ್ರ ನಮ್ಮ ಕೊಳ್ಳಿಗೇ ಬರ್ತೈತಿ, ಯಾರರ ಸರಸ್ರೇ ಆಕಿನ್ನ!"

ನಲವತ್ತಾರು ವರ್ಷಕ್ಕೆ ಮುದುಕಿ! ಮೈಯೆಲ್ಲ ಉರಿಯಿತು. "ಯಾರೇ ಅದು ಮುದುಕಿ ಅಂದಿದ್ದು? ಧೈರ್ಯ ಇದ್ರೆ ಇಳಿದು ಬಾ ಕೆಳಗೆ!" ಎಂದು ಕತ್ತೆತ್ತಿ ಕೂಗಿದೆ. ಸಿಮೆಂಟಿನ ಧೂಳು ಮೆತ್ತಿದ, ಟವೆಲ್ಲು ಸುತ್ತಿದ ಒಂದು ತಲೆ ಸಾರುವೆಯ ಬೊಂಬುಗಳ ನಡುವೆ ಇಣುಕಿತು. "ಅಯ್ಯ ನಮ್ಮವ್ವ! ಇಕಿ ನಮ್ಮಾಕಿ ಅದಾಳ್ರೇ!" ಎಂದು ಆ ತಲೆ ನಕ್ಕಿತು. ಮುದುಕಿ ಅನ್ನಿಸಿಕೊಂಡವಳು ನಾನು ಅಲ್ಲೇ ಇಟ್ಟಿಗೆ ರಾಶಿಯ ಪಕ್ಕದಲ್ಲಿ ನಿಂತು ಕಣ್ಣೊರೆಸಿಕೊಂಡೆ. ಮೂರು ತಿಂಗಳಿನಿಂದ ನನ್ನ ಗಂಡನನ್ನು ಬಿಟ್ಟರೆ ಯಾರೂ ನನ್ನ ಹತ್ತಿರ ಕನ್ನಡದಲ್ಲಿ ಜಗಳ ಆಡಿರಲಿಲ್ಲ.

ಆ ತಲೆಯ ಹೆಸರು ಶರಣಮ್ಮ. ಗುಲಬರ್ಗಾ ಜಿಲ್ಲೆ ಜೇವರ್ಗಿ ಕಡೆಯ ಹಳ್ಳಿಯವಳು. ಗಂಡ ಹಣಮಂತ ಗಾರೆ ಕೆಲಸದವನು. ಅವರ ಭಾಷೆಯಲ್ಲಿ ಅವರು 'ಗುಳೆ' ಬಂದವರು, ಅಂದರೆ ಹೊಟ್ಟೆಪಾಡಿಗೆ ಮನೆಮಂದಿಯೆಲ್ಲ ಗಂಟು ಕಟ್ಟಿಕೊಂಡು ಊರು ಬಿಟ್ಟವರು. ನಾವೂ ಹಾಗೇ ಗಂಟು ಕಟ್ಟಿಕೊಂಡು ಬಂದವರೇ. ನಮ್ಮವರಿಗೆ ಕೇಂದ್ರ ಸರ್ಕಾರದ ರಕ್ಷಣಾ ಕಾರ್ಖಾನೆಯ ಕೆಲಸ, ನಿವೃತ್ತಿಗೆ ಮುಂಚೆ ಕೊನೆಯ ವರ್ಗ ಹೈದರಾಬಾದಿಗೆ ಆಗಿತ್ತು. ಆದರೆ ಲಾರಿಯಲ್ಲಿ ಬೀರು, ಫ್ರಿಡ್ಜು ಹೇರಿಕೊಂಡು ಬಂದರೆ ಅದಕ್ಕೆ ಗುಳೆ ಅನ್ನುವುದಿಲ್ಲ, ಟ್ರಾನ್ಸ್‌ಫರ್ ಅನ್ನುತ್ತಾರೆ.

ಮೈಸೂರಿನವರಿಗೆ ಈ ಊರು ಮೊದಲು ಒಗ್ಗುವುದಿಲ್ಲ ಎಂದು ಹೇಳಿಬಿಡುತ್ತೇನೆ. ನಮ್ಮಲ್ಲಿ ಬೆಟ್ಟ ಒಂದೇ, ಅದಕ್ಕೆ ಒಂದು ಸ್ಥಳ, ಒಂದು ಹೆಸರು, ಮೆಟ್ಟಿಲು ಎಲ್ಲ ಇದೆ. ಇಲ್ಲಿ ಎಲ್ಲೆಂದರಲ್ಲಿ ಬಂಡೆ ಮೇಲೆ ಬಂಡೆ, ಈಗಲೋ ಆಗಲೋ ಉರುಳುವ ಹಾಗೆ ಕೂತಿರುತ್ತವೆ. ನಮ್ಮಲ್ಲಿ ನಲ್ಲಿ ತಿರುಗಿಸಿದರೆ ಕಾವೇರಿ. ಇಲ್ಲಿ ದಿನ ಬಿಟ್ಟು ದಿನ ಬೆಳಗಿನ ಜಾವಕ್ಕೆ ಮನೆಯೊಡತಿ "ಮಂಜೀರಾ!" ಎಂದು ಬಾಗಿಲು ಬಡಿಯುತ್ತಾರೆ. ಮಂಜೀರಾ ಅವರ ಮಗಳೇನೋ ಎಂದುಕೊಂಡಿದ್ದೆ, ಅದು ನದಿ, ಅದರ ನೀರು ಬಂದಿದೆ ಎಂದು ಎಬ್ಬಿಸುತ್ತಿದ್ದರು. ಆ ನದಿ ನಮ್ಮ ಬೀದರಿನ ಮೇಲೆ ಹಾದು ಬರುತ್ತದೆ ಎಂದು ತಿಳಿದ ದಿನ ಬಕೆಟ್ಟು ಹೊರುವುದು ಸ್ವಲ್ಪ ಹಗುರಾಯಿತು. ಅಡುಗೆಯ ಮಾತು ಎತ್ತಲೇಬೇಡಿ. ಪಕ್ಕದ ಮನೆಯವರು ಪ್ರೀತಿಯಿಂದ ಕೊಟ್ಟ ಗೋಂಗೂರ ಚಟ್ನಿಯನ್ನು ನಮ್ಮ ಗೊಜ್ಜಿನ ಹಾಗೆ ಧಾರಾಳವಾಗಿ ಕಲಸಿಕೊಂಡು, ಸಂಜೆಯವರೆಗೆ ಮಜ್ಜಿಗೆ ಕುಡಿದೆ.

ಆಟೋದವರು "ನಕ್ಕೋ" ಅಂದರೆ ಬೇಡ ಎಂದು, "ಹೌ" ಅಂದರೆ ಹೌದು ಎಂದು ಕಲಿತೆ. ಆದರೆ ಎರಡು ಮಾತಿನಲ್ಲಿ ಎಷ್ಟು ಹೊತ್ತು ಕಳೆಯಲಿ? ಬೆಳಿಗ್ಗೆ ಏಳಕ್ಕೆ ನಮ್ಮವರನ್ನು ಕಾರ್ಖಾನೆಯ ಬಸ್ಸು ಕರೆದೊಯ್ದರೆ ಮನೆಯಲ್ಲಿ ನಾನು, ಗಡಿಯಾರ. ಮಗಳು ಮದುವೆಯಾಗಿ ಮಂಡ್ಯ ಸೇರಿದ್ದಳು. ಮೈಸೂರಿನಲ್ಲಿ ಹದಿನೆಂಟು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿದ ಬಾಯಿ ಇಲ್ಲಿ ತುಕ್ಕು ಹಿಡಿಯತೊಡಗಿತು.

ಆ ಬಾಯಿಗೆ ಕೆಲಸ ಕೊಟ್ಟವರು ಹಿಂದಿನ ಬೀದಿಯ ವಿಜಯಲಕ್ಷ್ಮಿಗಾರು. 'ಗಾರು' ಎಂದರೆ ನಮ್ಮ 'ಅವರು' ಇದ್ದ ಹಾಗೆ, ಹೆಸರಿಗೆ ಹೊದಿಸುವ ಮರ್ಯಾದೆ. ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದವರು, ಖಾದಿ ಸೀರೆ, ದಪ್ಪ ಕನ್ನಡಕ. ಆಗ ಪಶ್ಚಿಮದ ಕಡೆ ಗಾಜಿನ ಕಟ್ಟಡಗಳು ಎದ್ದು, ಅಲ್ಲಿನ ಕಂಪ್ಯೂಟರ್ ಕಂಪನಿಗಳ ಸಂಬಳ ಊರೆಲ್ಲ ಹರಿದು, ತಾರ್ನಾಕದ ಹಳೆಯ ಮಾವಿನ ಮರದ ಮನೆಗಳು ಒಂದೊಂದಾಗಿ ಅಪಾರ್ಟ್‌ಮೆಂಟುಗಳಾಗುತ್ತಿದ್ದವು. ಅವನ್ನು ಕಟ್ಟುವವರ ಮಕ್ಕಳಿಗೆ ಸೈಟಿನ ತಗಡಿನ ಶೆಡ್ಡಿನಲ್ಲಿ ಸಂಜೆ ಪಾಠ ಮಾಡಲು ವಿಜಯಲಕ್ಷ್ಮಿಗಾರು ಹೊರಟಿದ್ದರು. ತೊಂದರೆ ಏನೆಂದರೆ, ಅವರಿಗೆ ಕನ್ನಡ ಬಾರದು, ಮಕ್ಕಳಿಗೆ ಬೇರೆ ಏನೂ ಬಾರದು. ಬೀದಿಯಲ್ಲಿ ನಿಂತು ನಾನು ಮೂರನೇ ಮಹಡಿಯೊಂದಿಗೆ ಕನ್ನಡದಲ್ಲಿ ಜಗಳ ಆಡಿದ ಸುದ್ದಿ ಅವರಿಗೆ ಮುಟ್ಟಿತ್ತು. ಮರುದಿನವೇ ಮನೆಗೆ ಬಂದರು. ಸಂಬಳವಿಲ್ಲ, ಕಾಫಿ ಮಾತ್ರ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಅವರ ಮಾತು ಮುಗಿಯುವ ಮೊದಲೇ ನಾನು ಚಪ್ಪಲಿ ಮೆಟ್ಟಿದ್ದೆ.

ಶೆಡ್ಡಿನಲ್ಲಿ ನನ್ನ ಮೊದಲ ವಾರ ಮೈಸೂರಿನ ಶಾಲೆಯ ಹಾಗೇ ಕಳೆಯಿತು. ಅ ಅರಸ, ಆ ಆನೆ. ಮಕ್ಕಳು ರಾಗವಾಗಿ ಹೇಳುತ್ತಿದ್ದರೆ ಹೊರಗಿನ ಹೈದರಾಬಾದು ಮರೆತೇ ಹೋಗುತ್ತಿತ್ತು. ಒಂದು ಸಂಜೆ ಶರಣಮ್ಮ ಕೈಕಾಲು ತೊಳೆದು ಬಾಗಿಲಲ್ಲಿ ಬಂದು ನಿಂತು ಪಾಠ ಕೇಳಿದಳು. ಮೆಚ್ಚಿಕೊಂಡಳು ಎಂದುಕೊಂಡೆ.

"ಅಕ್ಕೋರ, ಒಂದ ಮಾತ ಹೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ," ಎಂದಳು. ಅವರ ಕಡೆ ಶಾಲೆಯ ಮೇಡಮ್ಮಿಗೆ ಅಕ್ಕೋರು ಎನ್ನುತ್ತಾರೆ. "ಕನ್ನಡ ನಮ್ಮ ಹೊಟ್ಟ್ಯಾಗ ಐತಿ, ಎಲ್ಲೂ ಹೋಗಂಗಿಲ್ಲ. ಕೈಯಾಗ ತೆಲುಗು ಬೇಕ್ರಿ. ಇಲ್ಲೀ ಸಾಲಿಗಿ ಹಾಕಬೇಕಂದ್ರ ತೆಲುಗು ಕೇಳ್ತಾರ. ನೀವು ಕನ್ನಡಾನ ಕಲಸಾಕತ್ತೀರಿ."

"ನನಗೇ ತೆಲುಗು ಬರಲ್ಲವಲ್ಲ ಮಾರಾಯ್ತಿ!"

"ಹಂಗಾದ್ರ ನೀವೂ ಕಲೀರಿ. ಕೂಡಿ ಕುಂದ್ರರಿ," ಎಂದು ಹೊರಟೇ ಹೋದಳು. ಆ ರಾತ್ರಿ ನಮ್ಮವರ ಮುಂದೆ ಒಂದು ಗಂಟೆ ಕನ್ನಡಾಭಿಮಾನದ ಭಾಷಣ ಮಾಡಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಆಕೆ ಹೇಳಿದ್ದರಲ್ಲಿ ತಪ್ಪೇನಿದೆ?" ಎಂದರು. ತಪ್ಪಿದ್ದರೆ ಅಷ್ಟು ಕೋಪ ಬರುತ್ತಿರಲಿಲ್ಲ.

ಹೀಗೆ ಈ ವಯಸ್ಸಿನಲ್ಲಿ ನನ್ನ ಅಕ್ಷರಾಭ್ಯಾಸ ಮತ್ತೆ ಶುರುವಾಯಿತು. ಬೆಳಿಗ್ಗೆ ವಿಜಯಲಕ್ಷ್ಮಿಗಾರು ಅಡುಗೆಮನೆಯಲ್ಲಿ ಪಪ್ಪು, ಅಂದರೆ ನಮ್ಮ ತೊವ್ವೆ, ಬೇಯಿಸುತ್ತ ನನಗೆ ಒಂದು ಪಾಠ ಹೇಳಿಕೊಡುವುದು, ಸಂಜೆ ನಾನು ಅದನ್ನೇ ಶೆಡ್ಡಿನಲ್ಲಿ ಕನ್ನಡದಲ್ಲಿ ಬಿಡಿಸಿ ಮಕ್ಕಳಿಗೆ ಹೇಳುವುದು. ಮಕ್ಕಳಿಗಿಂತ ನಾನು ಒಂದೇ ಒಂದು ಪುಟ ಮುಂದೆ. ಎರಡು ಲಿಪಿಗಳೂ ಅಕ್ಕತಂಗಿಯರ ಹಾಗೆ, ತಲೆ ಬಾಚಿದ ರೀತಿ ಮಾತ್ರ ಬೇರೆ. ಬಸ್ಸಿನ ಬೋರ್ಡನ್ನು ಯಾರನ್ನೂ ಕೇಳದೆ ಓದಿ ಹತ್ತಿದ ದಿನ ಮಗಳಿಗೆ ಫೋನು ಮಾಡಿ ಹೇಳಿದೆ. ಬಸ್ಸು ಸರಿಯಾದ ಕಡೆಗೇ ಹೋಯಿತೇ ಎಂದು ಕೇಳಿದಳು. ಹೋಗಿತ್ತು.

ಇನ್ನು ಭಾಗಿಯ ಮಾತು. ಭಾಗಮ್ಮ ಶರಣಮ್ಮನ ಹಿರಿಯ ಮಗಳು, ಹನ್ನೊಂದು ವರ್ಷ. ಮೊದಲ ದಿನಗಳಲ್ಲಿ ಅವಳು ಒಳಗೆ ಬರುತ್ತಲೇ ಇರಲಿಲ್ಲ. ಸೊಂಟದ ಮೇಲೆ ಕೂಸು ಹೊತ್ತು ಬಾಗಿಲಾಚೆ ನಿಲ್ಲುತ್ತಿದ್ದಳು. ಒಳಗೆ ಯಾರಾದರೂ ತಪ್ಪಿದರೆ ಆಚೆಯಿಂದ ಸರಿಯಾದ ಉತ್ತರ ಬರುತ್ತಿತ್ತು. "ಒಳಗೆ ಬಾರೇ" ಅಂದರೆ "ಕೂಸು ಅಳತೈತ್ರಿ" ಅನ್ನುತ್ತಿದ್ದಳು. ಅವಳಿಗೆ ಯಾಕೆ ಇದೊಂದು ಕೆಲಸ ಎಂದು ಶರಣಮ್ಮನನ್ನು ಗದರಿಸಿದಾಗ ಅವಳು ಸಮಾಧಾನವಾಗಿ ವಿವರಿಸಿದಳು. ಇಲ್ಲಿ ಮೇಸ್ತ್ರಿ ಒಂಟಿ ಆಳು ತೆಗೆದುಕೊಳ್ಳುವುದಿಲ್ಲ. 'ಜೋಡಿ' ಬೇಕು. ಗಂಡ ಗೋಡೆ ಕಟ್ಟಿದರೆ ಹೆಂಡತಿ ಗಾರೆ ಹೊರಬೇಕು, ಒಬ್ಬರು ಕೂತರೆ ಇಬ್ಬರ ಕೆಲಸವೂ ಹೋಯಿತು. ಹಾಗಾಗಿ ಪ್ರತಿ ಜೋಡಿಯ ಹಿರಿಯ ಮಗಳ ಸೊಂಟ ಕೂಸಿಗೆ ಮೀಸಲು. ನಾನು ಮನೆಯಿಂದ ಒಂದು ಹಳೆಯ ಸೀರೆ ತಂದು ಶೆಡ್ಡಿನ ತೊಲೆಗೆ ಜೋಲಿ ಕಟ್ಟಿದೆ. ಕೂಸು ಜೋಲಿಯಲ್ಲಿ, ಭಾಗಿ ಚಾಪೆಯ ಮೇಲೆ, ಜೋಲಿಯ ಹಗ್ಗ ಅವಳ ಕಾಲ ಹೆಬ್ಬೆರಳಿಗೆ. ಕಾಲು ತೂಗುತ್ತಿತ್ತು, ಕೈ ಬರೆಯುತ್ತಿತ್ತು. ದಸರೆ ಕಳೆಯುವ ಹೊತ್ತಿಗೆ ಅವಳು ನನ್ನನ್ನು ದಾಟಿ ಎರಡು ಪುಟ ಮುಂದಿದ್ದಳು.

ಆಗಲೇ ಸುದ್ದಿ ಬಂತು. ತಾರ್ನಾಕದ ಕೊನೆಯ ಸ್ಲ್ಯಾಬು ಹಾಕಿದ ಮೇಲೆ ಇಡೀ ಗುಂಪು ಶಂಶಾಬಾದಿಗೆ ಹೋಗುತ್ತದೆ. ಅಲ್ಲಿ ಹೊಸ ವಿಮಾನ ನಿಲ್ದಾಣದ ಕೆಲಸ ಜೋರಾಗಿ ನಡೆದಿತ್ತು. ಅಲ್ಲಿ ನಮ್ಮ ಶೆಡ್ಡಿಲ್ಲ, ಜೋಲಿಯಿಲ್ಲ. ಭಾಗಿ ಮತ್ತೆ ಬಾಗಿಲಾಚೆ. ಎರಡು ವರ್ಷ ಹೋದರೆ ಅವಳೇ ಗಾರೆ ಹೊರುತ್ತಾಳೆ, ಇನ್ನೆರಡು ವರ್ಷಕ್ಕೆ ಅವಳದೇ ಒಂದು ಜೋಡಿ. ನನಗೆ ಊಟ ಸೇರಲಿಲ್ಲ. ವಿಜಯಲಕ್ಷ್ಮಿಗಾರು ಎಲ್ಲೆಲ್ಲೋ ವಿಚಾರಿಸಿ ನಾರಾಯಣಗೂಡದಲ್ಲಿ ಒಂದು ದಾರಿ ಹುಡುಕಿದರು. ಶಾಲೆ ತಪ್ಪಿದ ಹುಡುಗಿಯರನ್ನು ವರ್ಷದ ನಡುವೆಯೂ ಸೇರಿಸಿಕೊಂಡು, ಅಲ್ಲೇ ಇರಿಸಿ, ಏಳನೇ ಕ್ಲಾಸಿನ ಪರೀಕ್ಷೆಗೆ ಕೂರಿಸುವ ಹಾಸ್ಟೆಲು. ಒಂದೇ ಒಂದು ಜಾಗ ಖಾಲಿ ಇತ್ತು. ವಾರ್ಡನ್ ಮೇಡಂ ತಾವೇ ಸೈಟಿಗೆ ಬಂದು ಹುಡುಗಿಯನ್ನೂ ತಂದೆತಾಯಿಯನ್ನೂ ನೋಡಿ ತೀರ್ಮಾನಿಸುತ್ತಾರಂತೆ. ಡಿಸೆಂಬರ್ ಮೂವತ್ತನೇ ತಾರೀಕು, ಶುಕ್ರವಾರ, ಬೆಳಿಗ್ಗೆ ಹತ್ತಕ್ಕೆ. ಶರಣಮ್ಮನಿಗೆ ಹೇಳಿದೆ, ಹ್ಞೂಂ ಅಂದಳು. ಮತ್ತೆ ಹೇಳಿದೆ. "ಬರ್ತೀವ್ರಿ ಅಕ್ಕೋರ, ಎಷ್ಟ ಸಲ ಹೇಳ್ತೀರಿ?" ಎಂದಳು.

ಶುಕ್ರವಾರ ಹತ್ತಕ್ಕೆ ವಾರ್ಡನ್ ಮೇಡಂ ಆಟೋ ಇಳಿದರು. ಇಸ್ತ್ರಿ ಮಾಡಿದ ಸೀರೆ, ಬಿಗಿದ ತುರುಬು, ನಗು ಮನೆಯಲ್ಲೇ ಬಿಟ್ಟು ಬಂದ ಮುಖ. ಸೈಟಿನಲ್ಲಿ ಒಂದು ನರಪಿಳ್ಳೆ ಇಲ್ಲ. ಗಾರೆ ಕಲಸುವ ಯಂತ್ರ ಸುಮ್ಮನೆ ನಿಂತಿದೆ, ಗುಡಿಸಲುಗಳಿಗೆ ತಗಡು ಅಡ್ಡ ಇಟ್ಟಿದೆ. ವಾಚ್‌ಮನ್ನು "ಅಂದರೂ ಪೋಯಾರು" ಅಂದ. ಎಲ್ಲರೂ ಹೋದರು! ಹೇಳದೆ ಕೇಳದೆ ಶಂಶಾಬಾದಿಗೆ ಹೊರಟೇ ಹೋದರೇ? ಮೇಡಂ ಗಡಿಯಾರ ನೋಡಿಕೊಂಡು, ಈ ಜನಕ್ಕೆ ಆಸಕ್ತಿಯೇ ಇರುವುದಿಲ್ಲ, ನಾನು ಬಹಳ ನೋಡಿದ್ದೇನೆ ಎಂದರು. ಅವರನ್ನು ಹತ್ತು ನಿಮಿಷ ಕೂರಿಸಿ ಎಂದು ವಿಜಯಲಕ್ಷ್ಮಿಗಾರಿಗೆ ಹೇಳಿ, ವಾಚ್‌ಮನ್ನು ಕೈ ತೋರಿಸಿದ ಕಡೆಗೆ ಸೆರಗು ಸಿಕ್ಕಿಸಿಕೊಂಡು ಓಡಿದೆ.

ಕಟ್ಟಡದ ಹಿಂದೆ ಬಂಡೆಗಳ ನಡುವೆ ಒಂದು ಬಯಲು. ಸೈಟಿನ ನೀರಿನ ತೊಟ್ಟಿ ತುಂಬಿ ಹರಿದು ಅಲ್ಲಿ ನೆಲ ಸದಾ ಹಸಿ. ಆ ಹಸಿಯಲ್ಲಿ ಈ ಜನ ನನಗೆ ಗೊತ್ತಿಲ್ಲದಂತೆ ನಾಲ್ಕಾರು ಸಾಲು ಜೋಳ ಬಿತ್ತಿದ್ದರು. ತೆನೆ ಹೊಡೆದಿತ್ತು. ಸುತ್ತಲೂ ಇಡೀ ಗುಂಪು, ತಲೆಗೆ ಎಣ್ಣೆ, ಮೈಮೇಲೆ ಒಗೆದ ಬಟ್ಟೆ. ಐದು ಕಲ್ಲಿಗೆ ಸುಣ್ಣ ಬಳಿದು, ಅವರೇ ಪಾಂಡವರು ಎಂದು ಕೂರಿಸಿದ್ದರು. ಹಣಮಂತ ಬುಟ್ಟಿಯಿಂದ ಅನ್ನವನ್ನೂ ಪಲ್ಯವನ್ನೂ ಹಿಡಿಹಿಡಿಯಾಗಿ ಜೋಳದ ಸಾಲಿಗೆ ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದು ಕೂಗುತ್ತಿದ್ದ, ಮಕ್ಕಳು ಅವನ ಹಿಂದೆ ಕೂಗುತ್ತ ಓಡುತ್ತಿದ್ದರು. ಆಚೆ ರಸ್ತೆಯಲ್ಲಿ ಲಾರಿಗಳು ಹಾರ್ನ್ ಹೊಡೆಯುತ್ತಿದ್ದವು.

"ಶರಣಮ್ಮ! ಏನಮ್ಮ ಇದು? ಅಲ್ಲಿ ಮೇಡಂ ಬಂದು ಕೂತಿದಾರೆ! ಮೂವತ್ತನೇ ತಾರೀಕು ಅಂತ ಬಾಯಿ ನೋಯೋಷ್ಟು ಹೇಳಿದ್ದೆ. ಹ್ಞೂಂ ಅಂದಿದ್ದೆ ತಾನೆ?"

"ಅಂದೀನ್ರಿ. ಮೂವತ್ತಕ್ಕ ಬರ್ತೀವಿ. ಇವತ್ತು ಎಳ್ಳಮಾಸಿ ಅಲ್ರಿ?"

"ಇವತ್ತೇ ಮೂವತ್ತು ಕಣಮ್ಮ!"

"ಅಯ್ಯ ಶಿವನ!" ಅವಳು ಕೈಯಲ್ಲಿದ್ದ ರೊಟ್ಟಿ ಬುಟ್ಟಿ ಕೆಳಗಿಟ್ಟಳು. "ಅಮಾಸಿ ದಿನ ಅಂತ ಹೇಳಬೇಕಿಲ್ಲೇನ್ರಿ ನೀವು? ತಾರೀಕು ಯಾರಿಗಿ ಗೊತ್ತು?"

"ಅಮಾವಾಸ್ಯೆ ಅಂತ ನೀನು ಹೇಳಬೇಕಿರಲಿಲ್ಲವೇ? ನಮ್ಮಲ್ಲಿ ಅಮಾವಾಸ್ಯೆ ದಿನ ಒಂದು ಒಳ್ಳೆ ಕೆಲಸಕ್ಕೆ ಹೊರಗೆ ಕಾಲಿಡಲ್ಲ. ಯಾರಿಗೆ ಗೊತ್ತು ಇದು ನಿಮ್ಮ ಹಬ್ಬ ಅಂತ?"

ಅಲ್ಲಿ ನಿಂತು ಜಗಳವಾಡುತ್ತಲೇ ನನಗೆ ಎಲ್ಲ ಹೊಳೆಯಿತು. ಎಳ್ಳಮಾಸಿ ಎಂದರೆ ಎಳ್ಳು ಅಮಾವಾಸ್ಯೆ, ಬೆಳೆದು ನಿಂತ ಹೊಲಕ್ಕೆ ಉಣಿಸುವ ಹಬ್ಬ. ಇವರಿಗೆ ಭಾನುವಾರವಿಲ್ಲ. ಅಮಾವಾಸ್ಯೆ ದಿನ ಕರಣೆ ಮುಟ್ಟುವುದಿಲ್ಲ, ಅದೊಂದೇ ರಜೆ. ತಿಂಗಳಿಗೊಮ್ಮೆ ಶೆಡ್ಡಿಗೆ ಮಕ್ಕಳು ತಲೆ ಬಾಚಿಕೊಂಡು ಘಮ್ಮೆಂದು ಬರುತ್ತಿದ್ದುದು ಅದಕ್ಕೇ. ನಾನು ಗೋಡೆಯ ಕ್ಯಾಲೆಂಡರ್ ನೋಡಿ ದಿನ ಎಣಿಸುತ್ತಿದ್ದೆ, ಅವಳು ಆಕಾಶ ನೋಡಿ. ನಾನು ಹೇಳಿದ ದಿನ, ಅವಳು ಹ್ಞೂಂ ಅಂದ ದಿನ, ಅವಳು ಹಬ್ಬಕ್ಕೆ ಇಟ್ಟುಕೊಂಡ ದಿನ, ಮೂರೂ ಒಂದೇ ಎಂದು ನಮ್ಮಿಬ್ಬರಿಗೂ ಗೊತ್ತೇ ಇರಲಿಲ್ಲ.

"ಹಬ್ಬ ಮುಖ್ಯವೋ ಮಗಳ ಓದು ಮುಖ್ಯವೋ?" ಎಂದೆ, ಸೋಲಲು ಮನಸ್ಸಿಲ್ಲದೆ.

"ಎರಡೂ ಬೇಕ್ರಿ. ಒಂದ ಹಿಡೀಬೇಕು, ಒಂದ ಬಿಡಬೇಕು ಅಂತ ನಿಮಗ ಯಾರರ ಕೇಳ್ಯಾರೇನು?"

ಅಷ್ಟರಲ್ಲಿ ಕಾದು ಬೇಸತ್ತ ವಾರ್ಡನ್ ಮೇಡಮ್ಮನ್ನು ಕರೆದುಕೊಂಡು ವಿಜಯಲಕ್ಷ್ಮಿಗಾರೇ ಬಂಡೆಗಳ ನಡುವೆ ಏಳುತ್ತ ಬೀಳುತ್ತ ಬಂದರು. ಶರಣಮ್ಮ ಕೈತೊಳೆಯಲು ನೀರು ಕೊಟ್ಟು, "ಭೂಮ್ತಾಯಿಗಿ ಉಣಿಸಿದ ದಿನ ಯಾರೂ ಹಸದು ನಿಂದರಬಾರದು" ಎಂದು ಇಬ್ಬರನ್ನೂ ಕೂರಿಸಿಯೇಬಿಟ್ಟಳು. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಭಜ್ಜಿ. ಅವರ ಭಜ್ಜಿ ಎಂದರೆ ನಮ್ಮ ಎಣ್ಣೆಯಲ್ಲಿ ಕರಿದ ಬಜ್ಜಿಯಲ್ಲ. ಸಿಕ್ಕ ಸೊಪ್ಪು, ಸಿಕ್ಕ ಹಸಿಕಾಳು ಎಲ್ಲ ಹಾಕಿ, ಕಡ್ಲೆಹಿಟ್ಟು ಹುಳಿ ಬೆರೆಸಿ ಕುದಿಸಿದ ಗಟ್ಟಿ ಪಲ್ಯ. ಮೇಡಂ ಮೊದಲ ತುತ್ತನ್ನು ಸಂಕೋಚದಿಂದ ಹಾಕಿಕೊಂಡರು. ಎರಡನೇ ರೊಟ್ಟಿಯನ್ನು ಅವರೇ ಕೇಳಿದರು. ತಿನ್ನುತ್ತ, ರೊಟ್ಟಿ ಸುತ್ತಿದ್ದ ತೆಲುಗು ಪೇಪರಿನ ಹಾಳೆಯನ್ನು ಭಾಗಿಯ ಮುಂದೆ ತಳ್ಳಿ, ಓದು ಎಂದರು.

ಭಾಗಿ ಕೂಸನ್ನು ಸೊಂಟ ಬದಲಿಸಿಕೊಂಡು ಓದಿದಳು. ಅದು ಶಂಶಾಬಾದಿನ ಹತ್ತಿರ ಸೈಟು ಮಾರುವವರ ಜಾಹೀರಾತು. ವಿಮಾನ ನಿಲ್ದಾಣಕ್ಕೆ ಹತ್ತೇ ನಿಮಿಷ, ನಿಮ್ಮ ಕನಸಿನ ಮನೆ ಎಂದು ಎಲ್ಲೂ ತಡವರಿಸದೆ ಓದಿ ಮುಗಿಸಿ, "ಅವ್ವಾ, ನಾವು ಹೋಗೂದು ಇಲ್ಲಿಗೇ ನೋಡು" ಎಂದಳು. ಮೇಡಂ ನಕ್ಕರು. ಸೋಮವಾರ ಹಾಸಿಗೆ ತೆಗೆದುಕೊಂಡು ಬರಲಿ ಎಂದರು. ನಾನು ಭಾಗಿಯನ್ನು ಅಪ್ಪಿಕೊಂಡೆ.

ಶರಣಮ್ಮ ಮಾತ್ರ ನಗಲಿಲ್ಲ. "ಸೂಟಿ ಎಂದ್ರಿ ಅಲ್ಲಿ?" ಎಂದು ಕೇಳಿದಳು. ರಜೆ ಯಾವಾಗ ಎಂದು. ನಾನು ತೆಲುಗಿಗೆ ತಿರುಗಿಸಿದೆ. ತಿಂಗಳಿನ ಎರಡನೇ ಭಾನುವಾರ ತಂದೆತಾಯಿ ಬಂದು ನೋಡಬಹುದು ಎಂದು ಉತ್ತರ ಬಂತು.

"ಐತವಾರ ನಮ್ಮ ತಲಿ ಮ್ಯಾಲ ಗಾರಿ ಬುಟ್ಟಿ ಇರತೈತ್ರಿ. ಒಬ್ರು ಸೂಟಿ ಮಾಡಿದ್ರ ಜೋಡಿ ಹರೀತೈತಿ. ಅಮಾಸಿಗಿ ಬರ್ತೀವಿ."

ಅಮಾವಾಸ್ಯೆಗೆಲ್ಲ ಬಾಗಿಲು ತೆರೆಯಲ್ಲ, ಒಬ್ಬರಿಗೆ ಬಿಟ್ಟರೆ ಎಲ್ಲರೂ ಕೇಳುತ್ತಾರೆ ಎಂದರು ಮೇಡಂ. ಶರಣಮ್ಮ ಭಾಗಿಯ ಕೈಹಿಡಿದು ತನ್ನ ಕಡೆಗೆ ಎಳೆದುಕೊಂಡಳು. "ಹಂಗಾದ್ರ ಬ್ಯಾಡ್ರಿ. ಆಕಿ ಸಾಲಿ ಸೂಟಿ ಐತವಾರಕ್ಕ, ನಮ್ಮ ಸೂಟಿ ಅಮಾಸಿಗಿ. ವರ್ಷಾನುಗಟ್ಟಲೆ ನನ್ನ ಮಗಳ ಮಾರಿ ನನಗ ಕಾಣಂಗಿಲ್ಲ. ಊರ ಬಿಟ್ಟೀನಿ, ಹೊಲ ಬಿಟ್ಟೀನಿ. ಮಗಳನ್ನೂ ಬಿಡಾಕ ಗುಳೆ ಬಂದಿಲ್ಲ ನಾನು."

ಇದನ್ನು ನಾನು ತೆಲುಗಿನಲ್ಲಿ ಹೇಳಬೇಕು. ಬಸ್ಸಿನ ಬೋರ್ಡು, ತರಕಾರಿಯ ರೇಟು ಬಿಟ್ಟರೆ ಅಷ್ಟು ಉದ್ದದ ಮಾತನ್ನು ನಾನು ಆ ಭಾಷೆಯಲ್ಲಿ ಎಂದೂ ಆಡಿರಲಿಲ್ಲ. ಹೇಗೋ ಹೇಳಿದೆ. ಹೇಳುತ್ತ ಹೇಳುತ್ತ, ಯೋಚಿಸುವ ಮೊದಲೇ ಇನ್ನೊಂದು ಮಾತೂ ಬಾಯಿಂದ ಬಂತು: ನಾನು ಬರುತ್ತೇನೆ. ಪ್ರತಿ ಅಮಾವಾಸ್ಯೆ ಬೆಳಿಗ್ಗೆ ಹಾಸ್ಟೆಲಿನಿಂದ ಇವಳನ್ನು ನಾನೇ ಶಂಶಾಬಾದಿಗೆ ಕರೆದೊಯ್ಯುತ್ತೇನೆ, ಸಂಜೆ ನಾನೇ ತಂದು ಬಿಡುತ್ತೇನೆ.

ಹಾಗೆ ಕಳಿಸಬೇಕಾದರೆ ವಿಳಾಸ ಇರುವ ಸಂಬಂಧಿಕರು ಬೇಕು, ನೀವು ಈ ಹುಡುಗಿಗೆ ಏನಾಗಬೇಕು ಎಂದು ಮೇಡಂ ಕೇಳಿದರು. ಮೈಸೂರಿನವಳು, ಬೇರೆ ಜಾತಿ, ಬೇರೆ ಊಟ, ಏನೆಂದು ಹೇಳಲಿ? ಶರಣಮ್ಮ ನನ್ನ ಅನುವಾದಕ್ಕೆ ಕಾಯಲಿಲ್ಲ. "ಮಾ ಅಕ್ಕ," ಎಂದಳು ತೆಲುಗಿನಲ್ಲೇ. ನಮ್ಮಕ್ಕ. ಮೇಡಂ ನನ್ನ ಮುಖವನ್ನೂ ಅವಳ ಮುಖವನ್ನೂ ನೋಡಿ, ವಿಜಯಲಕ್ಷ್ಮಿಗಾರನ್ನು ನೋಡಿ, ಇನ್ನೊಂದು ಹೋಳಿಗೆ ಕೊಡಿ ಎಂದರು. ಕೂಸನ್ನು ಗುಂಪಿನ ನಿಂಗವ್ವ ಅನ್ನುವ ಅಜ್ಜಿ ನೋಡಿಕೊಳ್ಳುವುದು, ಅವಳಿಗೆ ದಿನವೂ ಎರಡು ರೊಟ್ಟಿ ಎಂದು ಅಲ್ಲೇ ತೀರ್ಮಾನವಾಯಿತು.

ಸಂಕ್ರಾಂತಿ ಕಳೆಯುತ್ತಲೇ ಗುಂಪು ಹೊರಟುಹೋಯಿತು. ಬಯಲಿನ ಜೋಳ ಮಾತ್ರ ಉಳಿಯಿತು. ಮೊದಲ ಅಮಾವಾಸ್ಯೆಗೆ ಆ ತೆನೆಗಳನ್ನು ಕೊಯ್ದು ಚೀಲದಲ್ಲಿ ತುಂಬಿಕೊಂಡು, ನಾರಾಯಣಗೂಡದಲ್ಲಿ ಭಾಗಿಯನ್ನು ಕೂಡಿಕೊಂಡು, ಎರಡು ಬಸ್ಸು ಬದಲಿಸಿ ಶಂಶಾಬಾದಿಗೆ ಹೋದೆ. ಮೈಸೂರಿನಿಂದ ಅತ್ತಿಗೆ ಫೋನಿನಲ್ಲಿ, "ಅಮಾವಾಸ್ಯೆ ದಿನ ಪ್ರಯಾಣವೇನೇ? ನಿನಗೇನು ಬುದ್ಧಿ ಕೆಟ್ಟಿದೆಯಾ?" ಎಂದು ಬೈದಿದ್ದರು. ಹೆದ್ದಾರಿಯ ಪಕ್ಕ ನೀಲಿ ಪ್ಲಾಸ್ಟಿಕ್ಕಿನ ಗುಡಿಸಲುಗಳ ಸಾಲು. ಭಾಗಿ ಅವ್ವನನ್ನು ಕಂಡದ್ದೇ ಓಡಿ ಹೋಗಿ ಅವಳ ಸೆರಗಿನಲ್ಲಿ ಮುಖ ಹುದುಗಿಸಿದವಳು ಸಂಜೆಯವರೆಗೂ ಬಿಡಲಿಲ್ಲ. ಹಾಸ್ಟೆಲಿನಲ್ಲಿ ಹುಡುಗಿಯರು ಅವಳ ಮಾತು ಕೇಳಿ ನಗುತ್ತಾರಂತೆ, ಅನ್ನ ತಿಂದು ತಿಂದು ಹೊಟ್ಟೆ ತುಂಬುವುದಿಲ್ಲವಂತೆ, ಕೂಸಿಲ್ಲದೆ ನಿದ್ದೆ ಬರುವುದಿಲ್ಲವಂತೆ. ಒಲ್ಲೆ, ಹೋಗುವುದಿಲ್ಲ ಎಂದು ನೆಲಕ್ಕೆ ಬಿದ್ದು ಅತ್ತಳು. ನನಗೂ, ಸಾಕು ಬಿಡು, ಇಲ್ಲೇ ಇರಲಿ ಅನ್ನಿಸಿಬಿಟ್ಟಿತು.

ಬೇಡ ಎಂದು ಹಟ ಹಿಡಿದಿದ್ದ ಶರಣಮ್ಮನೇ ಅವಳನ್ನು ಎತ್ತಿಕೊಂಡು ಬಸ್‌ಸ್ಟಾಪಿಗೆ ಬಂದಳು. ನಾನು ತಂದ ತೆನೆಗಳನ್ನು ಕೆಂಡದಲ್ಲಿ ಸುಟ್ಟು, ಕಾಳು ಉದುರಿಸಿ, ಬೆಲ್ಲ ಕಲಸಿ ಮಗಳ ಉಡಿಗೆ ಕಟ್ಟಿದ್ದಳು. ಬಸ್ಸು ಬಂತು. "ಅಳಬ್ಯಾಡ. ಅಮಾಸಿ ಎಲ್ಲಿ ಓಡಿ ಹೋಗತೈತಿ? ಮತ್ತ ಬರ್ತೈತಿ. ಹತ್ತು," ಎಂದು ಅವಳನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, ನಾವು ಕಣ್ಮರೆಯಾಗುವವರೆಗೂ ತಿರುಗಿ ನೋಡದೆ ಗುಡಿಸಲಿನ ಕಡೆಗೆ ನಡೆದುಹೋದಳು.

ಎರಡು ಎಳ್ಳಮಾಸಿ ಕಳೆದವು. ಭಾಗಿ ಏಳನೇ ಕ್ಲಾಸಿನ ಪರೀಕ್ಷೆ ಪಾಸು ಮಾಡಿ ಎಂಟಕ್ಕೆ ಸೇರಿದ್ದಾಳೆ. ಅವಳ ತೆಲುಗು ಕೇಳಿ ಈಗ ಯಾರೂ ನಗುವುದಿಲ್ಲ, ನನ್ನ ತೆಲುಗು ಕೇಳಿ ಅವಳು ನಗುತ್ತಾಳೆ. ನನಗೋ, ಹೊಸ ವರ್ಷದ ಕ್ಯಾಲೆಂಡರು ಬಂದರೆ ಕೆಂಪು ಅಂಕಿಗಳಿಗಿಂತ ಮೊದಲು ಕಪ್ಪು ಚುಕ್ಕೆಗಳ ಮೇಲೆ ಕಣ್ಣು ಬೀಳುತ್ತದೆ. ಮಗಳ ಬಾಣಂತನಕ್ಕೆ ಮಂಡ್ಯಕ್ಕೆ ಹೋದಾಗಲೂ ಅಮಾವಾಸ್ಯೆಗೆ ಎರಡು ದಿನ ಮೊದಲು ರೈಲು ಹತ್ತಿದೆ. ಬೀಗಿತ್ತಿ ಇವತ್ತಿಗೂ ಅದನ್ನು ಮರೆತಿಲ್ಲ.

ಈಗ ನಮ್ಮವರ ಸರ್ವೀಸು ಮುಗಿದಿದೆ. ಮೈಸೂರಿನ ಮನೆಗೆ ಸುಣ್ಣ ಹೊಡೆಸಿಯಾಗಿದೆ. ಇಲ್ಲಿ ಬೀರು ಕಟ್ಟಿದ್ದಾರೆ, ಫ್ರಿಡ್ಜಿಗೆ ಗೋಣಿ ಸುತ್ತಿದ್ದಾರೆ. ನಾಲ್ಕು ದಿನದ ಹಿಂದೆ ಬಂದ ಅಮಾವಾಸ್ಯೆಗೆ ಶಂಶಾಬಾದಿಗೆ ಹೋದಾಗ, ದಾರಿಯುದ್ದಕ್ಕೂ ಈ ಸುದ್ದಿಯನ್ನು ಹೇಗೆ ಹೇಳುವುದು ಎಂಬುದೇ ಚಿಂತೆ. ಇನ್ನು ಮುಂದೆ ಭಾಗಿಯನ್ನು ಯಾರು ಕರೆತರುತ್ತಾರೆ? ಮತ್ತೆ ಭಾನುವಾರ ಮತ್ತು ಅಮಾವಾಸ್ಯೆಯ ಗೋಳೇ? ಊಟವಾದ ಮೇಲೆ ಹೇಳಿದೆ. ವಾರ್ಡನ್ ಮೇಡಮ್ಮಿನ ಹತ್ತಿರ ಬೇಡಿಕೊಳ್ಳುತ್ತೇನೆ, ವಿಜಯಲಕ್ಷ್ಮಿಗಾರನ್ನು ಕೇಳುತ್ತೇನೆ ಎಂದೆಲ್ಲ ಒಂದೇ ಉಸಿರಿನಲ್ಲಿ ಹೇಳಿದೆ.

ಶರಣಮ್ಮ ಪಾತ್ರೆ ತಿಕ್ಕುತ್ತ ಕೇಳಿಸಿಕೊಂಡಳು. "ಅದ್ಯಾಕ ಅಷ್ಟು ಗಾಬರಿ ಆಗ್ತೀರಿ? ಇಕಿ ಅಪ್ಪಗ ಬಸ್ಸಿನ ಹಾದಿ ಗೊತ್ತೈತಿ. ಮೇಡಂಗ ನಮ್ಮ ಮಾರಿ ಗೊತ್ತೈತಿ. ನಿಮ್ಮ ಯಜಮಾನ್ರ ಸರ್ವೀಸು ಮುಗೀತೈತಿ ಅಂತ ನಮಗ ಗೊತ್ತಿತ್ತಲ್ರಿ, ಮೊನ್ನೆ ಇಕಿ ಕೇಳ್ಯಾಳ, ಕಳಸ್ತೀನಿ ಅಂದಾರ. ನಿಮಗ ಹೇಳಾಕ ಮರತೆ."

ನನಗೆ ಸಂತೋಷವಾಗಬೇಕಿತ್ತು. ಹೊಟ್ಟೆ ಉರಿಯಿತು. ನಾನಿಲ್ಲದೆ ನಡೆಯುತ್ತದೆ! ನಡೆಯಬೇಕು ಎಂದೇ ಇಷ್ಟೆಲ್ಲ ಮಾಡಿದ್ದು, ನಡೆಯುತ್ತದೆ ಎಂದು ಅವಳು ಅಷ್ಟು ಸಲೀಸಾಗಿ ಹೇಳಿದ್ದೇ ತಡೆಯಲಾಗಲಿಲ್ಲ. ಬಸ್‌ಸ್ಟಾಪಿಗೆ ಬರುವ ಹೊತ್ತಿಗೆ ನನ್ನ ಕಣ್ಣು ಮೂಗು ಎಲ್ಲ ಒಂದಾಗಿತ್ತು. ತಲೆಯ ಮೇಲೆ ವಿಮಾನವೊಂದು ಗುಡುಗುತ್ತ ಇಳಿಯಿತು. ಅವಳ ಕೈಯಲ್ಲಿ ಭಜ್ಜಿಯ ಡಬ್ಬಿ ಇತ್ತು, ಅದನ್ನು ನನ್ನ ಚೀಲಕ್ಕೆ ತುರುಕಿದಳು.

"ಅಳಬ್ಯಾಡ್ರಿ ಅಕ್ಕ," ಎಂದಳು. ಅಕ್ಕೋರು ಅನ್ನಲಿಲ್ಲ. "ಅಮಾಸಿ ಎಲ್ಲಿ ಓಡಿ ಹೋಗತೈತಿ? ಹತ್ತರಿ." ನನ್ನ ರಟ್ಟೆ ಹಿಡಿದು ಮೆಟ್ಟಿಲ ಮೇಲೆ ನಿಲ್ಲಿಸಿ, ತಿರುಗಿ ನೋಡದೆ ನಡೆದಳು.

ಬಸ್ಸಿನಲ್ಲಿ ಭಾಗಿ ಕಿಟಕಿಯ ಪಕ್ಕ ಕೂತಳು. ನಾರಾಯಣಗೂಡ ಹತ್ತಿರ ಬಂದ ಮೇಲೆ ಕೇಳಿದಳು:

"ಅಕ್ಕೋರ, ಮೈಸೂರಾಗ ಅಮಾಸಿಗಿ ಸೂಟಿ ಕೊಡ್ತಾರೇನ್ರಿ?"

"ಇಲ್ಲ ಕಣೇ. ಅಲ್ಲಿ ಭಾನುವಾರ."

"ಮತ್ತ ನೀವು ಹ್ಯಾಂಗ ಬರ್ತೀರಿ?"

"ಕೊಡದೆ ಇದ್ರೆ ಏನಂತೆ," ಎಂದೆ. "ನಾನೇ ತಗೋತೀನಿ."